ಹನ್ನೊಂದೂವರೆ ವೋಲ್ಟಿಗೆ ಆರುವ ದೀಪ

ಯಾವುದನ್ನೂ ತಳ ಕಾಣುವವರೆಗೆ ಖರ್ಚು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಇದನ್ನು ಜಿಪುಣತನ ಎಂದು ಕರೆಯುವವರಿದ್ದಾರೆ. ಅವರಲ್ಲಿ ಮೊದಲನೆಯವಳು ನನ್ನ ಹೆಂಡತಿ ಜಯಮ್ಮ. ಆದರೆ ಜಿಪುಣನಿಗೂ ನನಗೂ ಬಹಳ ವ್ಯತ್ಯಾಸವಿದೆ. ಜಿಪುಣನಿಗೆ ಮೊದಲ ತುತ್ತಿಗೇ ಸಂಕಟ. ನನಗೆ ಕೊನೆಯ ತುತ್ತಿಗೆ ಮಾತ್ರ. ಉಪ್ಪಿನಕಾಯಿ ಜಾಡಿ ತುಂಬಿರುವಾಗ ನನ್ನಷ್ಟು ಧಾರಾಳಿ ಮತ್ತೊಬ್ಬನಿಲ್ಲ. ತಳದಲ್ಲಿ ಎರಡು ಹೋಳು ಉಳಿದವೆಂದರೆ ಮಾತ್ರ ಅವು ಇರಲಿ, ಯಾವಾಗಲಾದರೂ ಬೇಕಾಗುತ್ತವೆ ಎನ್ನಿಸುತ್ತದೆ. ಆ ಎರಡು ಹೋಳು ಮುಂದಿನ ಮಾವಿನಕಾಯಿ ಕಾಲದವರೆಗೂ ಅಲ್ಲೇ ಕೂತು, ಬೂಷ್ಟು ಹಿಡಿದು, ಕೊನೆಗೆ ತಿಪ್ಪೆ ಸೇರುತ್ತವೆ. ಹಾಗೆ ಸೇರುವ ದಿನ ಜಯಮ್ಮ ನನ್ನ ಮುಖ ನೋಡುತ್ತಾಳೆ. ನಾನು ಕಿಟಕಿಯಿಂದಾಚೆ ನೋಡುತ್ತೇನೆ. ತಲೆಗೆ ಹಚ್ಚುವ ಎಣ್ಣೆಯ ಬಾಟಲಿ, ಶಾಯಿಯ ಕುಡಿಕೆ, ಕಾಫಿಪುಡಿಯ ಡಬ್ಬಿ, ನಮ್ಮ ಮನೆಯಲ್ಲಿ ಎಲ್ಲದರ ತಳದಲ್ಲೂ ನನ್ನ ಸ್ವಭಾವದ ಗುರುತಾಗಿ ಒಂದಿಷ್ಟು ಇದ್ದೇ ಇರುತ್ತದೆ.

ಇದು ನನಗೆ ಅಪ್ಪನಿಂದ ಬಂದದ್ದು. ಅಪ್ಪ ನರಸೀಪುರದ ಕಡೆಯ ಬೇಸಾಯಗಾರ. ಮನೆ ಮುಂದೆ ನೆಲದೊಳಗೆ ಹಗೇವು ತೋಡಿಸಿ ಅದರಲ್ಲಿ ರಾಗಿ ತುಂಬಿಸುತ್ತಿದ್ದ. ಎಂಥ ಬಿಗಿ ಬಂದರೂ ಹಗೇವಿನ ತಳದ ರಾಗಿಗೆ ಮಾತ್ರ ಕೈ ಹಾಕುತ್ತಿರಲಿಲ್ಲ. "ಅದು ಬಿತ್ನೆದು ಕಣ್ಲಾ. ಅದು ನಮ್ದಲ್ಲ, ಮುಂದಿನ್ ವರ್ಸದ್ದು" ಅನ್ನುತ್ತಿದ್ದ. ಹೊಟ್ಟೆ ಹಸಿದ ಹುಡುಗನಾಗಿ ಆ ಮಾತನ್ನು ಎಷ್ಟು ಸಲ ಕೇಳಿದ್ದೇನೋ, ಅದು ರಾಗಿಯನ್ನು ಬಿಟ್ಟು ಉಳಿದೆಲ್ಲ ಪದಾರ್ಥಗಳಿಗೂ ನನ್ನ ತಲೆಯಲ್ಲಿ ಅಂಟಿಕೊಂಡುಬಿಟ್ಟಿತು.

ನನಗೆ ಸಿಕ್ಕ ಕೆಲಸವೂ ಈ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಮೈಸೂರಿನ ಟೆಲಿಫೋನು ಕಚೇರಿಯಲ್ಲಿ ಬ್ಯಾಟರಿ ಕೋಣೆಯ ಉಸ್ತುವಾರಿ ನನ್ನದು. ಊರಿನ ಕರೆಂಟು ಹೋದರೂ ಟೆಲಿಫೋನು ಮಾತಾಡುತ್ತಲೇ ಇರಬೇಕಲ್ಲ. ಅದಕ್ಕಾಗಿ ಆ ಕೋಣೆಯಲ್ಲಿ ಗಾಜಿನ ತೊಟ್ಟಿಗಳ ಸಾಲೇ ಇತ್ತು. ಒಳಗೆ ಸೀಸದ ಹಲಗೆಗಳು, ಸುತ್ತ ಆಸಿಡ್ಡು. ಅಲ್ಲಿ ಕೆಲಸ ಮಾಡುವವರನ್ನು ಬೀದಿಯಲ್ಲೂ ಗುರುತಿಸಬಹುದು; ಆಸಿಡ್ಡು ಸಿಡಿದು ಅಂಗಿಯ ತುಂಬ ಎಳ್ಳು ಚೆಲ್ಲಿದ ಹಾಗೆ ತೂತುಗಳಿರುತ್ತವೆ. ಜಯಮ್ಮ ಮದುವೆಯಾದ ಹೊಸದರಲ್ಲಿ ಆ ತೂತುಗಳಿಗೆ ಒಂದೊಂದಾಗಿ ದಾರ ಹಾಕುತ್ತಿದ್ದಳು. ಆಮೇಲೆ, ಒಳಗೆ ಬನಿಯನ್ನಿದೆಯಲ್ಲ ಎಂದು ಬಿಟ್ಟುಬಿಟ್ಟಳು.

ಬ್ಯಾಟರಿಯ ಗುಣ ತಿಳಿಯದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಕಾರಿನ ಬ್ಯಾಟರಿಯನ್ನೇ ತೆಗೆದುಕೊಳ್ಳಿ. ತುಂಬಿದಾಗ ಹನ್ನೆರಡು ವೋಲ್ಟಿಗೂ ಸ್ವಲ್ಪ ಮೇಲಿರುತ್ತದೆ. ಉಪಯೋಗಿಸುತ್ತ ಹೋದಂತೆ ವೋಲ್ಟೇಜು ನಿಧಾನವಾಗಿ ಇಳಿಯುತ್ತದೆ. ಒಂದು ಮಟ್ಟದವರೆಗೆ ಇಳಿದರೆ ತೊಂದರೆಯಿಲ್ಲ, ಮತ್ತೆ ತುಂಬಿಸಬಹುದು. ಅದಕ್ಕಿಂತ ಕೆಳಗೆ ಹಿಂಡಿದರೆ ಸೀಸದ ಮೇಲೆ ಬಿಳಿಯ ಪೊರೆ ಕಟ್ಟಿಕೊಳ್ಳುತ್ತದೆ. ಆ ಮೇಲೆ ನೀವು ಎಷ್ಟು ಕರೆಂಟು ಕುಡಿಸಿದರೂ ಅದು ಎದ್ದೇಳುವುದಿಲ್ಲ. ಆದ್ದರಿಂದ ಬ್ಯಾಟರಿ ಸಾಕುವ ವಿದ್ಯೆಯೆಲ್ಲ ಇರುವುದು ಎಲ್ಲಿ ನಿಲ್ಲಿಸಬೇಕು ಎನ್ನುವುದರಲ್ಲಿ. ಇಂಥ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿತ್ತು. ಕಚೇರಿಯ ಪುಸ್ತಕ ಹನ್ನೆರಡು ವೋಲ್ಟಿನ ಬ್ಯಾಟರಿಯನ್ನು ಹತ್ತೂಮುಕ್ಕಾಲಿನವರೆಗೆ ಇಳಿಸಬಹುದು ಎನ್ನುತ್ತಿತ್ತು. ಪುಸ್ತಕ ಬರೆದವನ ಬಗ್ಗೆ ನನಗೆ ಗೌರವವಿದೆ. ಆದರೆ ಅವನು ಹಗೇವು ನೋಡಿದವನಲ್ಲ.

ನಾವು ಆಗ ಮಂಡಿ ಮೊಹಲ್ಲಾದಲ್ಲಿ ರೋಸಮ್ಮನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಬೀದಿಯ ತುಂಬ ಸಗಟು ಅಂಗಡಿಗಳು. ಬೆಳಗಾದರೆ ಮೆಣಸಿನಕಾಯಿ ಮೂಟೆ ಇಳಿಸುವ ಘಾಟಿಗೆ ಸೀನುತ್ತಲೇ ಹಲ್ಲುಜ್ಜಬೇಕು. ಮಹಡಿಯ ಕೆಳಗೆ ರೋಸಮ್ಮನವರ ಹೆರಿಗೆ ಮನೆ. ಅವರು ದೊಡ್ಡಾಸ್ಪತ್ರೆಯಲ್ಲಿ ಬಹುಕಾಲ ನರ್ಸಾಗಿದ್ದು, ಗಂಡ ತೀರಿಕೊಂಡ ಮೇಲೆ ತಮ್ಮ ಸ್ವಂತ ಮನೆಯಲ್ಲೇ ನಾಲ್ಕು ಮಂಚ ಹಾಕಿಕೊಂಡವರು. ಗಂಜಿ ಹಾಕಿದ ಬಿಳಿ ಸೀರೆ, ಕೊರಳಲ್ಲಿ ಸಣ್ಣ ಶಿಲುಬೆ, ದಪ್ಪ ಗಾಜಿನ ಕನ್ನಡಕ. ಭಾನುವಾರ ಬೆಳಿಗ್ಗೆ ಪೂಜೆಗೆ ಚರ್ಚಿಗೆ ಹೋಗುವ ಹೊತ್ತು ಬಿಟ್ಟರೆ ಮಿಕ್ಕೆಲ್ಲ ಹೊತ್ತೂ ಅವರು ಕೈಗೆ ಸಿಗುತ್ತಿದ್ದರು. ಬೆಲ್ಲದ ಮಂಡಿಯವರ ಸೊಸೆ, ದರ್ಜಿ ಸಾಬರ ಮಗಳು, ಪೂಜಾರರ ತಂಗಿ, ಎಲ್ಲರ ಮಕ್ಕಳೂ ಅವರ ಕೈಗೇ ಮೊದಲು ಬಂದದ್ದು. ಆ ಬೀದಿಯಲ್ಲಿ ಎಂಥ ದೊಡ್ಡ ವರ್ತಕನಾದರೂ ರೋಸಮ್ಮನವರ ಎದುರು ಟೋಪಿ ತೆಗೆದು ನಿಲ್ಲುತ್ತಿದ್ದ. ಹೆಂಡತಿ ಒಳಗೆ ನರಳುತ್ತಿರುವಾಗ ಹೊರಗೆ ನಿಂತ ಗಂಡಸರನ್ನು ಅವರು ನೋಡಿಬಿಟ್ಟಿದ್ದರಲ್ಲ, ಆ ಮೇಲೆ ಯಾರ ದೊಡ್ಡಸ್ತಿಕೆಯೂ ಅವರ ಮುಂದೆ ನಡೆಯುತ್ತಿರಲಿಲ್ಲ.

ಅವರಿಗಿದ್ದ ಒಂದೇ ತಲೆನೋವು ಕರೆಂಟು. ಹೆರಿಗೆ ಕೋಣೆ ಮನೆಯ ನಡುವೆ ಇತ್ತು. ಅದಕ್ಕಿದ್ದ ಒಂದು ಕಿಟಕಿಯೂ ಪಕ್ಕದ ಮಂಡಿಯ ಗೋಡೆಗೆ ಮುಖ ಮಾಡಿತ್ತು. ಮಧ್ಯಾಹ್ನದಲ್ಲೂ ದೀಪ ಬೇಕು. ಕರೆಂಟು ಹೋದರೆ ಪೆಟ್ರೊಮ್ಯಾಕ್ಸ್ ಹಚ್ಚಬೇಕು, ಅದು ಭುಸುಗುಟ್ಟುತ್ತ ಕಣ್ಣು ಬಿಡುವ ಹೊತ್ತಿಗೆ ಒಳಗಿನ ಕೆಲಸ ಮುಗಿದೇ ಹೋಗಿರುತ್ತಿತ್ತು. ಒಂದು ದಿನ ಮೆಟ್ಟಿಲ ಬಳಿ ನನ್ನನ್ನು ತಡೆದು, "ಗೌಡ್ರೇ, ಟೆಲಿಫೋನಿಗೆ ಮಾಡೋ ಉಪಕಾರ ಬಾಣಂತಿಯರಿಗೂ ಮಾಡಬಾರದೇ?" ಎಂದರು. ಇಂಥ ಕರೆಗಾಗಿ ನಾನು ಬಹಳ ದಿನದಿಂದ ಕಾದಿದ್ದೆ ಎಂದರೆ ತಪ್ಪಿಲ್ಲ.

ಬಸ್ಸಿನಿಂದ ಇಳಿಸಿದ, ಆದರೆ ಇನ್ನೂ ಜೀವವಿದ್ದ ಒಂದು ಬ್ಯಾಟರಿ ಹುಡುಕಿ ತಂದೆ. ಕರೆಂಟಿರುವಾಗ ಅದು ಮೆಲ್ಲಗೆ ತುಂಬಿಕೊಳ್ಳುವ ಹಾಗೂ, ಕರೆಂಟು ಹೋದ ಕೂಡಲೇ ಹೆರಿಗೆ ಮಂಚದ ಮೇಲೆ ತೂಗುಹಾಕಿದ ಮೋಟಾರು ಕಾರಿನ ದೀಪ ತಾನಾಗಿ ಹೊತ್ತಿಕೊಳ್ಳುವ ಹಾಗೂ ಏರ್ಪಾಟು ಮಾಡಿದೆ. ಮೊದಲ ಪರೀಕ್ಷೆಯ ದಿನ ಮೇನ್ ಸ್ವಿಚ್ಚು ಆರಿಸಿದೆವು. ಕಣ್ಣು ಮಿಟುಕಿಸುವಷ್ಟೂ ಕತ್ತಲಾಗದೆ ದೀಪ ಬಂತು. ರೋಸಮ್ಮನವರು ಗೋಡೆಯಲ್ಲಿದ್ದ ಮೇರಿಯಮ್ಮನ ಪಟಕ್ಕೆ ಕೈ ಮುಗಿದು, "ತಾಯಿ ದೊಡ್ಡವಳು" ಎಂದರು. ನಾನು ಪಾಲು ಕೇಳಲಿಲ್ಲ. ಅದೇ ವಾರ ನನ್ನ ಮಾತಿನ ಮೇಲೆ ಪೆಟ್ರೊಮ್ಯಾಕ್ಸನ್ನು ತಮ್ಮ ತಂಗಿಯ ಮನೆಗೆ ಕೊಟ್ಟುಬಿಟ್ಟರು.

ಏರ್ಪಾಟಿನಲ್ಲಿ ನನಗೆ ಅತ್ಯಂತ ಹೆಮ್ಮೆಯ ಭಾಗವೆಂದರೆ ಕಟೌಟು, ಅಂದರೆ ಕರೆಂಟನ್ನು ತಾನಾಗಿ ಕತ್ತರಿಸುವ ಸಾಧನ. ಹೆರಿಗೆ ಕೋಣೆಯ ಹೊರಗಿನ ಪಡಸಾಲೆಯ ಗೋಡೆಯಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ತಂತಿ ಸುತ್ತಿದ ಒಂದು ಸುರುಳಿ, ಅದರ ಮುಂದೆ ಸಣ್ಣ ಕಬ್ಬಿಣದ ನಾಲಗೆ, ನಾಲಗೆಯನ್ನು ಹಿಂದಕ್ಕೆಳೆಯುವ ಒಂದು ಸ್ಪ್ರಿಂಗು. ಬ್ಯಾಟರಿಯಲ್ಲಿ ಕಸುವಿರುವವರೆಗೆ ಸುರುಳಿ ನಾಲಗೆಯನ್ನು ಹಿಡಿದುಕೊಂಡಿರುತ್ತದೆ, ದೀಪ ಉರಿಯುತ್ತದೆ. ವೋಲ್ಟೇಜು ನಾವು ಗೊತ್ತುಮಾಡಿದ ಮಟ್ಟಕ್ಕಿಳಿದ ಕೂಡಲೇ ಸ್ಪ್ರಿಂಗು ಗೆಲ್ಲುತ್ತದೆ. ಟಕ್ ಎಂದು ನಾಲಗೆ ಹಿಂದೆ ಬಿದ್ದು ದೀಪ ಆರುತ್ತದೆ, ಬ್ಯಾಟರಿ ಉಳಿಯುತ್ತದೆ. ಮಟ್ಟ ಗೊತ್ತುಮಾಡಲು ಒಂದು ತಿರುಪು. ಪಕ್ಕದಲ್ಲಿ ನೋಡಿಕೊಳ್ಳಲು ಒಂದು ವೋಲ್ಟ್ ಮೀಟರು. ನಾನು ಪುಸ್ತಕದವನ ಹತ್ತೂಮುಕ್ಕಾಲನ್ನು ಬದಿಗಿಟ್ಟು ಹನ್ನೊಂದೂವರೆಗೆ ತಿರುಪು ಬಿಗಿದೆ. ಇದನ್ನೆಲ್ಲ ರೋಸಮ್ಮನವರಿಗೆ ವಿವರಿಸಿದಾಗ ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ದೀಪ ಯಾಕೆ ಆರಬೇಕು?"

"ಬ್ಯಾಟರಿ ಉಳಿಯೋದಕ್ಕೆ."

"ಬ್ಯಾಟರಿ ಯಾಕೆ ಉಳೀಬೇಕು?"

"ದೀಪ ಉರಿಯೋದಕ್ಕೆ."

ಅವರು ಬಿಸಿನೀರು ಕಾಯಿತೇ ನೋಡಬೇಕು ಎಂದು ಒಳಗೆ ಹೋದರು. ಒಪ್ಪಿಗೆಯಾಯಿತೆಂದು ನಾನು ಪೆಟ್ಟಿಗೆ ಮುಚ್ಚಿದೆ.

ಆಮೇಲೆ ಎಷ್ಟೋ ಹೆರಿಗೆಗಳು ಆ ದೀಪದ ಕೆಳಗೆ ಆದವು. ಕರೆಂಟು ಹೋಗುತ್ತಿತ್ತು, ಬೇಗ ಬರುತ್ತಿತ್ತು. ಕಟೌಟಿನ ಮಟ್ಟದವರೆಗೆ ಇಳಿಯುವ ಪ್ರಸಂಗವೇ ಬರಲಿಲ್ಲ. ಬೀದಿಯಲ್ಲಿ ನನಗೊಂದು ಮರ್ಯಾದೆಯೂ ಹುಟ್ಟಿತು. ಬೆಲ್ಲದ ಮಂಡಿಯವರು ಕಂಡಾಗಲೆಲ್ಲ, "ನಮ್ಮ ಮೊಮ್ಮಗ ನಿಮ್ಮ ಬೆಳಕಲ್ಲಿ ಹುಟ್ಟಿದವನು ಕಣ್ರೀ" ಎನ್ನುತ್ತಿದ್ದರು.

ಅಷ್ಟರಲ್ಲಿ ಜಯಮ್ಮನಿಗೇ ದಿನ ತುಂಬುತ್ತ ಬಂತು. ಚೊಚ್ಚಲು. ತವರಿಗೆ ಹೋಗೋಣವೆಂದರೆ ತಾಯಿ ಇಲ್ಲದ ಮನೆ. ರೋಸಮ್ಮನವರು, "ಮೆಟ್ಟಿಲಿಳಿದರೆ ನಾನಿದ್ದೇನೆ, ಬಸ್ಸು ಹತ್ತಿ ಎಲ್ಲಿಗೆ ಹೋಗ್ತೀಯಮ್ಮ?" ಎಂದು ತೀರ್ಮಾನ ಮಾಡಿಬಿಟ್ಟರು. ಊರಿಂದ ಅವ್ವ ಬಂದಳು. ಬಂದವಳು ಹೆರಿಗೆ ಕೋಣೆಯನ್ನೂ ದೀಪವನ್ನೂ ನನ್ನ ಪೆಟ್ಟಿಗೆಯನ್ನೂ ನೋಡಿ, "ಇದೇನ್ ಮಗ, ಗೋಡೆಗೆ ಅಲಾರಂ ಪೆಟ್ಗೆ ಒಡ್ದಿದ್ದೀಯೆ?" ಎಂದಳು. ನಾನು ಸಮಾಧಾನವಾಗಿ ಎಲ್ಲವನ್ನೂ ವಿವರಿಸಿದೆ. ಕೊನೆಗೆ ಅವಳು, "ಅಂಗೇ ಆಗ್ಲಿ ಬುಡು" ಎಂದು ಒಂದು ಹರಳೆಣ್ಣೆ ದೀಪಕ್ಕೆ ಬತ್ತಿ ಹೊಸೆದಿಟ್ಟುಕೊಂಡಳು. ನನಗೆ ಸ್ವಲ್ಪ ಅವಮಾನವೇ ಆಯಿತು.

ಜಯಮ್ಮನಿಗೆ ನೋವು ಶುರುವಾದ ದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿಯೇ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಬೇಸಿಗೆಯ ಮೊದಲ ಮಳೆ ಗಾಳಿ ಸಮೇತ ಬಂತು. ಎಲ್ಲೋ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬಿತ್ತಂತೆ. ಇಡೀ ಮೊಹಲ್ಲಾದ ಕರೆಂಟು ಹೋಯಿತು. ಹೆರಿಗೆ ಕೋಣೆಯ ದೀಪ ಮಾತ್ರ ತಡಮಾಡದೆ ಹೊತ್ತಿಕೊಂಡಿತು. ನಾನು ಕಚೇರಿಗೆ ರಜ ಹೇಳಿ ಪಡಸಾಲೆಯಲ್ಲೇ ಕೂತಿದ್ದೆ. ಗಂಡಂದಿರು ಬೀದಿ ಬಾಗಿಲಿನಿಂದ ಈಚೆಗೆ ಬರಕೂಡದು ಎಂಬುದು ರೋಸಮ್ಮನವರ ಕಾನೂನು. ಬ್ಯಾಟರಿ ನೋಡಿಕೊಳ್ಳುವವನೆಂದು ನನಗೆ ವಿನಾಯಿತಿ ಸಿಕ್ಕಿತ್ತು.

ಮಳೆ ನಿಂತಿತು, ಕರೆಂಟು ಬರಲಿಲ್ಲ. ಮೂರು ಗಂಟೆಗೆ ವೋಲ್ಟ್ ಮೀಟರಿನ ಮುಳ್ಳು ಹನ್ನೆರಡರ ಮೇಲಿತ್ತು. ಐದಕ್ಕೆ ಹನ್ನೆರಡರ ಕೆಳಗೆ ಬಂತು. ಒಳಗಿನಿಂದ ಜಯಮ್ಮ ನರಳುವುದು ಕೇಳುತ್ತಿತ್ತು. ಹೊರಗೆ ಮುಳ್ಳು ಇಳಿಯುತ್ತಿತ್ತು. ಯಾವುದಕ್ಕೂ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಆದರೂ ತಿಳಿದವನು ಸುಮ್ಮನೆ ಕೂರುವುದು ಸರಿಯಲ್ಲವೆಂದು ಬಾಗಿಲ ಹತ್ತಿರ ಹೋಗಿ, "ರೋಸಮ್ಮನೋರೇ, ದೀಪಾನ ಸ್ವಲ್ಪ ಹೊತ್ತು ಆರಿಸಿದ್ರೆ ಬ್ಯಾಟರಿ ಸುಧಾರಿಸಿಕೊಳ್ಳತ್ತೆ" ಎಂದೆ.

"ಮೊದಲು ನಿಮ್ಮ ಹೆಂಡತಿ ಸುಧಾರಿಸಿಕೊಳ್ಳಲಿ, ಗೌಡ್ರೇ" ಎಂದು ಒಳಗಿಂದ ಉತ್ತರ ಬಂತು.

ಸಂಜೆ ಅಂಗಡಿಗಳವರು ಲಾಟೀನು ಹಚ್ಚುವ ಹೊತ್ತಿಗೆ, ನನ್ನ ಕಣ್ಣೆದುರಿಗೇ, ಮುಳ್ಳು ಹನ್ನೊಂದೂವರೆಯನ್ನು ಮುಟ್ಟಿತು. ಟಕ್ ಎಂದಿತು. ಅಷ್ಟು ಕರಾರುವಾಕ್ಕಾದ ಟಕ್ ಶಬ್ದವನ್ನು ನಾನು ಟೆಲಿಫೋನು ಕಚೇರಿಯಲ್ಲೂ ಕೇಳಿರಲಿಲ್ಲ. ಒಂದು ಕ್ಷಣ, ನಿಜ ಹೇಳಬೇಕೆಂದರೆ, ಸಂತೋಷವಾಯಿತು. ಹೆರಿಗೆ ಕೋಣೆ ಪೂರ್ತಿ ಕತ್ತಲಾಗಿತ್ತು.

ಒಳಗಿಂದ ಮೊದಲು ಬಂದದ್ದು ಜಯಮ್ಮನ ದನಿ. ಅಷ್ಟು ನೋವಿನಲ್ಲೂ ಅವಳಿಗೆ ಅನುಮಾನವಿರಲಿಲ್ಲ. "ರೀ, ಆರಿಸಿಬಿಟ್ರಾ?"

"ನಾನಲ್ಲ ಕಣೇ, ತಾನಾಗೇ ಆರಿತು. ಹನ್ನೊಂದೂವರೆ ಆಯ್ತು" ಎಂದೆ.

ಬಾಗಿಲಲ್ಲಿ ಕೂತಿದ್ದ ಅವ್ವ, "ಅನ್ನೊಂದೂವರೆ ಎಲ್ಲಾಯ್ತಪ್ಪ, ಈಗ್ ತಾನೆ ದೀಪ ಅಚ್ಚೋ ಒತ್ತು" ಎಂದಳು.

ರೋಸಮ್ಮನವರು ದನಿ ಎತ್ತಲಿಲ್ಲ. "ಗೌಡ್ರೇ, ನನಗೆ ಬೆಳಕು ಬೇಕು. ಈಗಲೇ" ಎಂದರು. ಆ ಮನೆಯಲ್ಲಿ ಎರಡು ವರ್ಷದಿಂದ ಇದ್ದ ನನಗೆ ಅವರ ದನಿಯ ಮಟ್ಟಗಳೂ ಗೊತ್ತಿದ್ದವು. ಅವರು ಗದರಿದರೆ ಎಲ್ಲ ಸರಿಯಾಗಿದೆ ಎಂದರ್ಥ. ಮೆಲ್ಲಗೆ ಮಾತಾಡಿದರೆ ಸರಿಯಿಲ್ಲ.

ಅವ್ವ ತನ್ನ ಹರಳೆಣ್ಣೆ ದೀಪ ಹಚ್ಚಿಕೊಂಡು ಒಳಗೆ ಹೋದಳು. ಅದರ ಬೆಳಕಿನಲ್ಲಿ ಮುಖಗಳು ಕಾಣುತ್ತಿದ್ದವು, ಕಾಣಬೇಕಾದದ್ದು ಕಾಣುತ್ತಿರಲಿಲ್ಲ. ನಾನು ಪೆಟ್ಟಿಗೆಯ ಮುಚ್ಚಳ ತೆಗೆದು, ಬಲಗೈಯ ತೋರುಬೆರಳಿನಿಂದ ಕಬ್ಬಿಣದ ನಾಲಗೆಯನ್ನು ಒತ್ತಿದೆ. ಒಳಗೆ ಬೆಳಕಾಯಿತು. ಬೆರಳು ತೆಗೆದೆ, ಸ್ಪ್ರಿಂಗು ತನ್ನ ಕೆಲಸ ಮಾಡಿತು, ಕತ್ತಲಾಯಿತು. ಮತ್ತೆ ಒತ್ತಿದೆ. ಹನ್ನೆರಡು ವೋಲ್ಟಿಗೆ ಶಾಕ್ ಹೊಡೆಯುವುದಿಲ್ಲ, ಆ ಭಯವಿರಲಿಲ್ಲ. ತಿರುಪನ್ನು ಸಡಿಲ ಮಾಡಿದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ತಿರುಪುಳಿ ಮಹಡಿಯ ಮೇಲೆ ಚೀಲದಲ್ಲಿತ್ತು. ನಾನು ಹೋದರೆ ದೀಪ ಹೋಗುತ್ತದೆ.

"ಅವ್ವ, ಮ್ಯಾಲೆ ನನ್ನ ಚೀಲದಲ್ಲಿ ತಿರುಪುಳಿ ಅದೆ, ತಕ್ಕೊಂಡು ಬಾ" ಎಂದೆ. ಅವ್ವ ಹೊರಗೆ ಬಂದು, ತನ್ನ ದೀಪವನ್ನು ಪೆಟ್ಟಿಗೆಯ ಪಕ್ಕದ ಗೂಡಿನಲ್ಲಿಟ್ಟು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋಗಿ, ಬಹಳ ಹೊತ್ತಿನ ಮೇಲೆ ಅಡಿಗೆಮನೆಯ ಇಕ್ಕಳ ತಂದಳು. ಬಿಸಿ ಪಾತ್ರೆ ಇಳಿಸುವ ಇಕ್ಕಳ. ಕತ್ತಲಲ್ಲಿ ಕೈಗೆ ಸಿಕ್ಕಿದ ಕಬ್ಬಿಣದ ಸಾಮಾನು ಅದೊಂದೇ ಎಂದಳು. ಅವಳು ನನ್ನ ಬೆರಳನ್ನು ಸ್ವಲ್ಪ ಹೊತ್ತು ನೋಡಿ, "ಅದುಕ್ಕೊಂದು ದಾರ ಕಟ್ಬುಟ್ರೆ ಆಗಾಕಿಲ್ವ ಮಗ?" ಎಂದು ಕೇಳಿದಳು.

ಆಗುತ್ತಿತ್ತು. ಇದನ್ನು ಓದುತ್ತಿರುವ ನಿಮಗೂ ಅದೇ ತೋಚಿರಬಹುದು. ಆಮೇಲೆ ಕಚೇರಿಯಲ್ಲಿ ಇದನ್ನು ಕೇಳಿದ ಪ್ರತಿಯೊಬ್ಬರೂ ಅದನ್ನೇ ಹೇಳಿದರು. ಕೆಲವರು ದಾರ, ಕೆಲವರು ತಂತಿಯ ತುಂಡು, ಒಬ್ಬರು ಮಡಿಚಿದ ಬಸ್ ಟಿಕೇಟು. ಅವರೆಲ್ಲ ತಮ್ಮ ತಮ್ಮ ಕುರ್ಚಿಯಲ್ಲಿ ಕೂತು ಹೇಳಿದವರು. ಒಳಗೆ ಮಲಗಿದ್ದವಳು ಅವರ ಹೆಂಡತಿಯಲ್ಲ. ದಾರ ಜಾರಿದರೆ? ತಂತಿ ಕಳಚಿದರೆ? ಅದು ಜಾರುವ ಹೊತ್ತಿಗೆ ಒಳಗೆ ಏನು ನಡೆಯುತ್ತಿರುತ್ತದೋ ಯಾರು ಬಲ್ಲರು? ಬೆರಳಾದರೆ ನನ್ನದು, ನಾನು ಹೇಳಿದ ಹಾಗೆ ಕೇಳುತ್ತದೆ. "ಇದು ದಾರ ಕಟ್ಟೋ ಅಂಥದ್ದಲ್ಲ ಕಣವ್ವ" ಎಂದೆ. ಅವಳು ಒತ್ತಾಯ ಮಾಡದೆ ನನ್ನ ಪಕ್ಕದಲ್ಲೇ ನಿಂತಳು.

ಹಾಗೆ ಎಷ್ಟು ಹೊತ್ತು ನಿಂತಿದ್ದೆನೋ. ಸ್ಪ್ರಿಂಗು ಸಣ್ಣದು, ಆದರೆ ಹಟಮಾರಿ. ಬೆರಳಿನ ತುದಿ ಮೊದಲು ನೋಯಿತು, ಆಮೇಲೆ ಜೋಮು ಹಿಡಿಯಿತು, ಆಮೇಲೆ ಅದು ನನ್ನ ಮೈಗೆ ಸೇರಿದ್ದೇ ಅಲ್ಲ ಎನ್ನಿಸಿತು. ಮೂಗಿನ ಮೇಲೆ ಸೊಳ್ಳೆ ಕೂತಿತು. ಎಡಗೈಯಿಂದ ಓಡಿಸಲು ಹೋಗಿ ಬಲಗೈ ಅಲುಗಿ ದೀಪ ಒಮ್ಮೆ ಆರಿ ಹೊತ್ತಿತು. "ಗೌಡ್ರೇ" ಎಂದರು ರೋಸಮ್ಮನವರು, ಮೆಲ್ಲಗೆ. ಆಮೇಲೆ ಬಂದ ಸೊಳ್ಳೆಗಳೆಲ್ಲ ಹೊಟ್ಟೆ ತುಂಬ ಕುಡಿದುಕೊಂಡು ಹೋದವು. ಅವ್ವ ಆಗಾಗ ಸೆರಗಿನಿಂದ ನನ್ನ ಮುಖ ಒರೆಸುತ್ತಿದ್ದಳು.

ಕಣ್ಣೆದುರಿಗೇ ವೋಲ್ಟ್ ಮೀಟರು. ಅವ್ವನ ದೀಪದ ಬೆಳಕಿನಲ್ಲಿ ಮುಳ್ಳು ಹನ್ನೊಂದೂಕಾಲಿಗೆ ಬಂದದ್ದು ಕಂಡಿತು. ಆಮೇಲೆ ಹನ್ನೊಂದು. ನನ್ನ ಜೀವಮಾನದಲ್ಲಿ ಯಾವ ಬ್ಯಾಟರಿಯನ್ನೂ ಅಷ್ಟು ಕೆಳಗೆ ಇಳಿಸಿದವನಲ್ಲ. ಪ್ರತಿ ಗೆರೆ ದಾಟಿದಾಗಲೂ ಹಗೇವಿನ ತಳಕ್ಕೆ ಕೈ ಹಾಕಿದಂತೆ ಎನ್ನಿಸುತ್ತಿತ್ತು. ಆಗ, ಯಾಕೋ, ಅಪ್ಪ ಆ ತಳದ ರಾಗಿಯನ್ನು ಏನು ಮಾಡುತ್ತಿದ್ದ ಎಂಬುದು ನೆನಪಾಯಿತು. ಮಳೆ ಬಿದ್ದು ನೆಲ ಹದವಾದ ದಿನ, ಅವನು ತಾನೇ ಹಗೇವಿಗಿಳಿದು, ಮೂಲೆಯಲ್ಲಿದ್ದ ಕೊನೆಯ ಹಿಡಿಯವರೆಗೂ ಗುಡಿಸಿ ಮೇಲಕ್ಕೆ ಕೊಡುತ್ತಿದ್ದ. ಮೇಲೆ ಬುಟ್ಟಿ ಹಿಡಿದು ನಿಲ್ಲುತ್ತಿದ್ದವನು ನಾನೇ. ಉಳಿಸುವುದನ್ನು ಮಾತ್ರ ನೆನಪಿಟ್ಟುಕೊಂಡು, ಗುಡಿಸಿ ತೆಗೆಯುವುದನ್ನು ನಾನು ಮರೆತೇಬಿಟ್ಟಿದ್ದೆ. ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿದೆ.

ಒಳಗೆ ಜಯಮ್ಮ ಒಂದು ಸಲ ಜೋರಾಗಿ ಕೂಗಿದಳು. ಆಮೇಲೆ ರೋಸಮ್ಮನವರ ದನಿ: "ಗೌಡ್ರೇ, ಈಗ ಮಾತ್ರ ಬಿಡಬೇಡಿ. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ಕೊಂಡಿದೆ. ಬಿಡಿಸಬೇಕು."

"ಬಿಡಲ್ಲ" ಎಂದೆ. ಅವ್ವ ನನ್ನ ಮೊಳಕೈಯನ್ನು ತನ್ನ ಎರಡು ಕೈಗಳಿಂದ ಕೆಳಗಿನಿಂದ ಹಿಡಿದುಕೊಂಡಳು. ಜಯಮ್ಮನ ಸದ್ದು ಕೇಳಿಸಲಿಲ್ಲ. ಕತ್ತರಿ ಬೇಸಿನ್ನಿಗೆ ತಗುಲಿದ ಸದ್ದು ಕೇಳಿಸಿತು. ಮುಳ್ಳು ಎಲ್ಲಿದೆಯೆಂದು ಆ ಹೊತ್ತಿನಲ್ಲಿ ನಾನು ನೋಡಲಿಲ್ಲ. ಒಂದು ಏಟಿನ ಸದ್ದು, ಇನ್ನೊಂದು. ಆಮೇಲೆ ಅಳು. ಮೊದಲು ಸಣ್ಣದಾಗಿ, ಕೆಮ್ಮಿದ ಹಾಗೆ. ಆಮೇಲೆ ಬೀದಿಗೆಲ್ಲ ಕೇಳುವಷ್ಟು.

ಅವ್ವ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಇನ್ನೂ ಸ್ವಲ್ಪ ಹಿಡ್ಕೊಂಡಿರಿ, ನನ್ನ ಕೆಲಸ ಮುಗಿದಿಲ್ಲ" ಎಂದರು ರೋಸಮ್ಮನವರು. ಈ ಸಲ ಗದರಿಸಿಯೇ ಹೇಳಿದರು. ನನಗೆ ಜೀವ ಬಂತು.

ಆಮೇಲೆ ಯಾವಾಗಲೋ ಕರೆಂಟು ಬಂತು. ಬೀದಿಯ ದೀಪಗಳು ಹತ್ತಿದವು, ಅಂಗಡಿಗಳವರು ಲಾಟೀನು ಆರಿಸಿದರು, ಎಲ್ಲೋ ರೇಡಿಯೋ ಹಾಡತೊಡಗಿತು. ನಾನು ಮಾತ್ರ ಒತ್ತಿಕೊಂಡೇ ನಿಂತಿದ್ದೆ. ಕೊನೆಗೆ ಅವ್ವ ಎದ್ದು ಬಂದು, "ಸಾಕು ಬುಡು ಮಗ, ಬೆಳ್ಕು ಬಂತು" ಎಂದು ನನ್ನ ಬೆರಳನ್ನು ಅಲ್ಲಿಂದ ಬಿಡಿಸಿದಳು. ಅದು ಹಾಗೆಯೇ ನೆಟ್ಟಗೆ ನಿಂತಿತ್ತು, ಬಗ್ಗಲಿಲ್ಲ. ಮಗುವನ್ನು ಮೊದಲ ಸಲ ಎತ್ತಿಕೊಂಡಾಗಲೂ ಅದು ಹಾಗೆಯೇ ಇದ್ದು, ನಾನು ಯಾರಿಗೋ ಎಚ್ಚರಿಕೆ ಕೊಡುತ್ತಿರುವಂತೆ ಕಾಣುತ್ತಿತ್ತಂತೆ.

ಇನ್ನು ಆ ಸಂಜೆಯ ಕೊನೆಯ ಲೆಕ್ಕ. ಕರೆಂಟು ಬರುವುದಕ್ಕೆ ಸ್ವಲ್ಪ ಮುಂಚೆ ನಾನು ಮುಳ್ಳನ್ನು ನೋಡಿದ್ದೆ. ಅದು ಹತ್ತೂಮುಕ್ಕಾಲಿಗೂ ಒಂದು ಕೂದಲೆಳೆ ಮೇಲಿತ್ತು. ಅಂದರೆ ಪುಸ್ತಕದವನ ಗೆರೆಯನ್ನು ಕೂಡ ಮುಟ್ಟಿರಲಿಲ್ಲ. ಬ್ಯಾಟರಿಗೆ ಏನೂ ಆಗಲಿಲ್ಲ. ನಿಧಾನವಾಗಿ ತುಂಬಿಸಿದೆ, ಮೊದಲಿನಂತೆಯೇ ಎದ್ದು ಕೂತಿತು. ಇದನ್ನು ಜಯಮ್ಮನಿಗೆ ತಿಳಿಸುವುದು ನನ್ನ ಕರ್ತವ್ಯವಾಗಿತ್ತು. ಅವಳು ಸ್ವಲ್ಪ ಚೇತರಿಸಿಕೊಂಡ ಮೇಲೆ ಮಂಚದ ಪಕ್ಕ ಕೂತು ಹೇಳಿದೆ.

"ನೋಡು, ಹನ್ನೊಂದೂವರೆಯಿಂದ ಹತ್ತೂಮುಕ್ಕಾಲಿನವರೆಗೆ ನಾನು ಉಳಿಸಿಟ್ಟಿದ್ದೆನಲ್ಲ, ಆ ಭಾಗದ ಬೆಳಕಿನಲ್ಲೇ ನಮ್ಮ ಮಗಳು ಹುಟ್ಟಿದ್ದು."

ಜಯಮ್ಮ ಮಗುವಿನ ಕುಲಾವಿ ಸರಿಮಾಡುತ್ತ, "ಕಟೌಟು ಇಲ್ಲದಿದ್ರೂ ಅದು ಅಲ್ಲೇ ಇರ್ತಿತ್ತಲ್ರೀ" ಎಂದಳು.

"ಇರುತ್ತಿತ್ತು. ಆದರೆ ಉಳಿಸಿದ್ದು ಅಂತ ಆಗುತ್ತಿರಲಿಲ್ಲ."

ಅವಳಿಗೆ ನಗು ಬಂತು. ನಕ್ಕರೆ ಹೊಟ್ಟೆ ನೋಯುತ್ತದೆ, ಸುಮ್ಮನಿರಿ ಎಂದು ನನ್ನನ್ನು ಹೊರಗೆ ಕಳಿಸಿದಳು. ನನ್ನ ವಾದದಲ್ಲಿ ತಪ್ಪಿದೆಯೆಂದು ಅವಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು.

ರೋಸಮ್ಮನವರ ಜೊತೆ ಇಷ್ಟು ಸುಲಭವಾಗಲಿಲ್ಲ. ಪೆಟ್ಟಿಗೆಯ ಮುಂದೆ ನನ್ನನ್ನು ನಿಲ್ಲಿಸಿಕೊಂಡು, "ಗೌಡ್ರೇ, ಈ ಮನೇಲಿ ಕತ್ತರಿಸೋ ಕೆಲಸ ನನ್ನೊಬ್ಬಳದು. ನಿಮ್ಮ ಪೆಟ್ಟಿಗೆ ಏನನ್ನೂ ಕತ್ತರಿಸಕೂಡದು. ಬ್ಯಾಟರಿಗೆ ಕಷ್ಟವಾದರೆ ಬಾಯಿ ಬಿಟ್ಟು ಹೇಳಲಿ" ಎಂದರು. ನಾನು ಸೀಸದ ಹಲಗೆಗಳ ಬಿಳಿ ಪೊರೆಯ ವಿಷಯ ಎತ್ತಿದೆ. ಅವರು, "ಬ್ಯಾಟರಿ ಸತ್ತರೆ ಇನ್ನೊಂದು ತರಿಸ್ತೀನಿ" ಎಂದರು. ಇನ್ನೊಂದು ತರಿಸಲಾಗದ್ದು ಯಾವುದೆಂದು ಅವರು ಹೇಳಬೇಕಾಗಿರಲಿಲ್ಲ. ನನಗೂ ತಿಳಿಯಿತು. ತಿರುಪುಳಿ ತಂದು ತಂತಿಗಳನ್ನು ಬದಲಾಯಿಸಿದೆ. ಈಗ ನಾಲಗೆ ಹಿಂದೆ ಬಿದ್ದರೆ ದೀಪ ಆರುವುದಿಲ್ಲ. ಸೈಕಲ್ಲಿನದರಷ್ಟು ಸಣ್ಣ ಒಂದು ಗಂಟೆ ಬಾರಿಸುತ್ತದೆ. ಇದು ನಾನೇ ಕಂಡುಹಿಡಿದ ಸುಧಾರಣೆ ಎಂದು ಕಚೇರಿಯಲ್ಲಿ 'ಬಾಯಿ ಬಿಟ್ಟು ಹೇಳುವ ಕಟೌಟು' ಎಂಬ ಹೆಸರಿಟ್ಟು ವಿವರಿಸಿದೆ. ಹೆಸರು ಯಾರದೆಂದು ಯಾರೂ ಕೇಳಲಿಲ್ಲ, ರೋಸಮ್ಮನವರದೆಂದು ನಾನೂ ಹೇಳಲಿಲ್ಲ.

ಎರಡು ವರ್ಷ ಕಳೆದು ಜಯಮ್ಮ ಮತ್ತೆ ಅದೇ ಮೆಟ್ಟಿಲಿಳಿದಳು. ಈ ಸಲ ನಾನು ಪೂರ್ತಿ ಸಿದ್ಧನಾಗಿದ್ದೆ. ಬ್ಯಾಟರಿ ಒಂದು ವಾರದಿಂದ ತುಂಬಿ ತುಳುಕುತ್ತಿತ್ತು. ಜೇಬಿನಲ್ಲಿ ತಿರುಪುಳಿ, ಇನ್ನೊಂದು ಜೇಬಿನಲ್ಲಿ ತಂತಿಯ ತುಂಡು, ದಾರದ ಉಂಡೆ, ಒಂದು ಹೆಚ್ಚುವರಿ ಬಲ್ಬು. ಬೆಳಿಗ್ಗೆ ಒಂಬತ್ತು ಗಂಟೆ. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಕರೆಂಟು ಎಂದೂ ಇಲ್ಲದಷ್ಟು ಪ್ರಕಾಶಮಾನವಾಗಿತ್ತು. ಪಕ್ಕದ ಮಂಡಿಯವರು ಗೋಡೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದರಿಂದ ಆ ಕಿಟಕಿಯಿಂದಲೂ ಒಳಗೆ ಬೆಳಕು ಬೀಳುತ್ತಿತ್ತು. ನಾನು ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟುಕೊಂಡು ಮುಳ್ಳಿನ ಮುಂದೆ ನಿಂತೆ. ಅದು ಹನ್ನೆರಡೂವರೆಯಲ್ಲಿ ಅಲುಗಾಡದೆ ನಿಂತಿತ್ತು. ಗಂಟೆ ಬಾರಿಸಲಿಲ್ಲ. ನನ್ನನ್ನು ಯಾರೂ ಕರೆಯಲಿಲ್ಲ. ಒಮ್ಮೆ ನಾನಾಗಿಯೇ, "ಬೆಳಕು ಸಾಕಾ ರೋಸಮ್ಮನೋರೇ?" ಎಂದು ಕೇಳಿದೆ.

ಅಳು ಕೇಳಿಸಿತು. ಸ್ವಲ್ಪ ಹೊತ್ತಿಗೆ ರೋಸಮ್ಮನವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನನ್ನನ್ನು ನೋಡಿದರು.

"ಏನು ಗೌಡ್ರೇ, ಇಲ್ಲಿ ನಿಂತಿದ್ದೀರಿ?"

"ವೋಲ್ಟೇಜು ನೋಡ್ತಿದ್ದೆ."

"ಗಂಡು ಮಗು. ಅವನನ್ನೂ ಒಂದು ಸಲ ನೋಡಿ ಬನ್ನಿ" ಎಂದರು.

ಹೋದೆ. ಮುಳ್ಳನ್ನು ಇನ್ನೊಂದು ಸಲ ನೋಡಿಕೊಂಡೇ ಹೋದೆ.